ಹಿಂದಿನ ಸಾಲಿಗೊಂದು ಭಾಷಣ

ಆದೋನಿಯಲ್ಲಿ ಕರೆಯದ ಮದುವೆಗೆ ಹೋಗಿ ಉಂಡು ಬರುವವರು ಬೇಕಾದಷ್ಟು ಜನ ಇದ್ದಾರೆ. ಕರೆಯದ ಪದವಿ ಪ್ರದಾನಕ್ಕೆ ಹೋಗಿ ಭಾಷಣ ಕೇಳಿ ಬರುವವಳು ಮಾತ್ರ ಒಬ್ಬಳೇ. ಅವಳು ನನ್ನ ಸೋದರತ್ತೆ! ಊಟದ ಪೊಟ್ಟಣ ಕೊಡಲು ಬಂದರೆ ಒಲ್ಲೆ ಎನ್ನುತ್ತಾಳೆ. ಅವಳ ಹೊಟ್ಟೆ ಅಷ್ಟರಲ್ಲಾಗಲೇ ತುಂಬಿರುತ್ತದೆ.

ಚಿಪ್ಪಗಿರಿ ಕಡೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ಮೇಲೆ ಅತ್ತೆ ನಮ್ಮ ಪಕ್ಕದ ಓಣಿಯಲ್ಲೇ ಮನೆ ಮಾಡಿದಳು. ಆ ವಯಸ್ಸಿನವರಿಗೆ ಹೊತ್ತು ಕಳೆಯಲು ದಾರಿಗಳೇನು ಕಡಿಮೆಯೇ? ಭಜನೆ ಇದೆ, ಸಂಡಿಗೆ ಇದೆ, ಸೊಸೆಯಂದಿರ ಮೇಲಿನ ದೂರು ಇದೆ. ಅವೊಂದೂ ಅವಳಿಗೆ ರುಚಿಸಲಿಲ್ಲ. ಯಾವ ಕಾಲೇಜಿನ ಗೇಟಿಗೆ ಪದವಿ ಪ್ರದಾನದ ಬ್ಯಾನರ್ ಕಟ್ಟಿದರೂ ಸರಿ, ಇಳಕಲ್ ಸೀರೆ ಉಟ್ಟು, ಆಟೋ ಹತ್ತಿ, ಮುಂದಿನ ಸಾಲಿನಲ್ಲಿ ಹೋಗಿ ಕೂತುಬಿಡುತ್ತಾಳೆ. ನೀವು ಯಾರ ಕಡೆಯವರು ಎಂದು ಬಾಗಿಲಲ್ಲಿ ಕೇಳಿದರೆ, "ಎಲ್ಲಾ ಹುಡುಗ್ರ ಕಡೇಕಿ" ಎನ್ನುತ್ತಾಳೆ. ಆ ಗತ್ತಿಗೆ ಎದುರಾಡಿದವರು ಇನ್ನೂ ಹುಟ್ಟಿಲ್ಲ. ಜೊತೆಗೆ ಹೋಗುವ ಭಾಗ್ಯ ಯಾವಾಗಲೂ ನನ್ನದು.

ಭಾಷಣಗಳ ಬಗ್ಗೆ ಅತ್ತೆಯದು ದೊಡ್ಡ ಶಾಸ್ತ್ರ. ಅವಳ ಪ್ರಕಾರ ಮುಖ್ಯ ಅತಿಥಿಗಳೆಲ್ಲ ಒಂದೇ ಹಿಟ್ಟಿನ ರೊಟ್ಟಿಗಳು. ಮೊದಲು ಬರಿಗಾಲಲ್ಲಿ ಶಾಲೆಗೆ ನಡೆಯುತ್ತಾರೆ, ಆಮೇಲೆ ಬೀದಿದೀಪದ ಕೆಳಗೆ ಓದುತ್ತಾರೆ, ಅಲ್ಲಿಂದ ಸೀದಾ ಆಕಾಶಕ್ಕೆ ಹಾರುತ್ತಾರೆ.

"ಎಲ್ಲಾರೂ ಬೀದಿದೀಪದ ಕೆಳಗ ಓದ್ಯಾರಂದ್ರ, ಆಗಿನ ಕಾಲಕ್ಕ ಅಲ್ಲಿ ಕುಂದ್ರಾಕ ಜಾಗಾನರ ಹೆಂಗ ಸಿಗ್ತಿತ್ತವ್ವಾ?" ಎಂದು ನನ್ನನ್ನು ಕೇಳುತ್ತಾಳೆ.

ಅತಿಥಿಗಳು 'ಕೊನೆಯದಾಗಿ' ಎಂದ ಕೂಡಲೇ ಉಳಿದವರು ಚಪ್ಪಲಿ ಹುಡುಕುತ್ತಾರೆ. ಅತ್ತೆ ಆಗ ಎಲೆಅಡಿಕೆ ಸಂಚಿ ಬಿಚ್ಚುತ್ತಾಳೆ. ಅರ್ಧ ಭಾಷಣ ಇನ್ನೂ ಬಾಕಿ ಇದೆ ಎಂಬುದು ಅವಳಿಗೆ ಗೊತ್ತು. ಒಮ್ಮೆ ಒಬ್ಬ ಅತಿಥಿ ಮೇಜು ಗುದ್ದಿ "ದುಡಿಯಿರಿ, ದುಡಿಯಿರಿ, ದುಡಿಯಿರಿ" ಎಂದು ಗುಡುಗಿದರು. ಸಭೆ ಚಪ್ಪಾಳೆ ತಟ್ಟಿತು. ಅತ್ತೆ ನನ್ನ ಕಿವಿಯಲ್ಲಿ ಹೇಳಿದಳು: "ಮೂರು ಸಾರಿ ಯಾಕಂದ್ರು ಗೊತ್ತೇನು? ಎರಡಕ್ಕ ಬಿಟ್ಟಿದ್ರ ನಮ್ಮ ಮಂದಿ ಇನ್ನಾ ರೇಟು ಏರ್ತದಂತ ಕಾಯ್ತಿದ್ರು. ಹತ್ತಿ ಹರಾಜಿನಾಗ ಮೂರು ಅಂದ ಮ್ಯಾಲೇ ಅಲ್ಲೇನು ಚಪ್ಪಾಳಿ ಬೀಳಾದು."

ಈಗಂತೂ ನಮ್ಮೂರಲ್ಲಿ ಯು.ಕೆ.ಜಿ. ಮುಗಿಸಿದವರಿಗೂ ಪದವಿ ಪ್ರದಾನ! ಬೆಂಕಿಯಂಥ ಬಿಸಿಲಲ್ಲಿ ಕರಿ ಗೌನು, ಕರಿ ಟೋಪಿ. ಅಂಥದ್ದೊಂದು ಸಮಾರಂಭದಲ್ಲಿ ಅತಿಥಿಗಳು ಆ ಕೂಸುಗಳಿಗೆ ಕನಸು ಕಾಣಿರಿ, ದೊಡ್ಡ ಕನಸು ಕಾಣಿರಿ ಎಂದು ಬಹಳ ಹೊತ್ತು ಬೋಧಿಸಿದರು. ಮುಗಿದ ಮೇಲೆ ಅತ್ತೆ ವೇದಿಕೆಯ ಹತ್ತಿರ ಹೋಗಿ ಕೈಮುಗಿದಳು.

"ಸಾರ್, ನಾ ಕೇಳಿದ್ರಾಗ ಇಷ್ಟು ಲಗೂನ ಮುಟ್ಟಿದ ಭಾಷಣ ಇನ್ನೊಂದಿಲ್ಲ. ನೋಡ್ರಿ, ಒಂದು ಕೂಸಿಗೂ ಎಚ್ಚರ ಇಲ್ಲ. ಎಲ್ಲಾವೂ ಕನಸು ಕಾಣಾಕ ಹತ್ಯಾವ."

ಪಾಪ, ಅವರು ಅದನ್ನು ಹೊಗಳಿಕೆ ಎಂದೇ ತಿಳಿದು "ಥ್ಯಾಂಕ್ಸ್ ಅಮ್ಮಾ" ಎಂದರು.

ಬರುವಾಗ ಆಟೋದಲ್ಲಿ ಅತ್ತೆ ಇದ್ದಕ್ಕಿದ್ದಂತೆ ಗಂಭೀರಳಾದಳು. "ಇವ್ರೆಲ್ಲಾ ಯಾರಿಗೆ ಹೇಳ್ತಾರ? ಪದವಿ ತಗೊಳ್ಳೋ ಹುಡುಗ್ರು ಸೆಲ್ಫಿ ತಕ್ಕೊಂತ ಕುಂತಿರ್ತಾವ. ನಾಳೆ ಅವು ಏನು ಮಾಡ್ಬೇಕಂತ ಹೇಳಾರು ಹಿಂದಿನ ಸಾಲಿನಾಗ ಇರ್ತಾರ. ಭಾಷಣ ಅವ್ರಿಗೆ ಹೇಳ್ಬೇಕು."

"ಹಂಗಾದ್ರ ನೀನ ಹೇಳು ಅತ್ತಿ."

"ಮೈಕ್ ಯಾರು ಕೊಡ್ತಾರ? ಅದೇ ಮಾತು ಮನ್ಯಾಗ ಹೇಳಿದ್ರ ಜಗಳ ಅಂತಾರ, ಮೈಕಿನಾಗ ಹೇಳಿದ್ರ ಭಾಷಣ ಅಂತಾರ."

ಅವಳು ಹೇಳಿದ ಆ ಜಗಳ ನನ್ನ ಸಲುವಾಗಿ ಆದದ್ದು. ನಾನು ಬಿ.ಎಸ್ಸಿ. ಮುಗಿಸಿದ್ದೆ. ಕರ್ನೂಲಿನಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತ್ತು, ಹಾಸ್ಟೆಲ್ಲೂ ಸಿಕ್ಕಿತ್ತು. ಸೋಮವಾರದೊಳಗೆ ಬರುತ್ತೇನೆ ಎನ್ನಬೇಕು, ಇಲ್ಲವೆಂದರೆ ಸೀಟು ಬೇರೆಯವರ ಪಾಲು. ನಮ್ಮಪ್ಪ ಹತ್ತಿ ದಲ್ಲಾಳಿ, ಅತ್ತೆಗೆ ಖಾಸಾ ತಮ್ಮ. "ಡಿಗ್ರಿ ಆತಲ್ಲ, ಸಾಕು. ಊರು ಬಿಟ್ಟು ಕಳಸಾಂಗಿಲ್ಲ" ಎಂದುಬಿಟ್ಟಿದ್ದ. ಅತ್ತೆ ಬಂದು ವಾದ ಮಾಡಿದಳು. ಅಪ್ಪ ಅರ್ಧ ಊಟಕ್ಕೇ ಕೈ ತೊಳೆದು ಹತ್ತಿ ಮಂಡಿಗೆ ನಡೆದ. ನಾನು ತಟ್ಟೆ ಮುಂದೆ ಕೂತು ಕಣ್ಣೀರು ಹಾಕಿದೆ.

ಶನಿವಾರ ನಮ್ಮ ಕಾಲೇಜಿನ ಪದವಿ ಪ್ರದಾನ. ಅಪ್ಪ ಹಿಂದಿನ ಸಾಲಿನಲ್ಲಿ, ಸೋದರತ್ತೆ ಎಂದಿನಂತೆ ಮುಂದಿನ ಸಾಲಿನಲ್ಲಿ. ಬಳ್ಳಾರಿಯಿಂದ ಬರಬೇಕಾದ ಅತಿಥಿಗಳ ಕಾರು ಆಲೂರಿನ ಹತ್ತಿರ ಕೆಟ್ಟು ನಿಂತಿತು. ಪ್ರಿನ್ಸಿಪಾಲ್ ಮೇಡಂ ಬೆವರು ಒರೆಸಿಕೊಳ್ಳುತ್ತ ಸಭೆಯತ್ತ ನೋಡಿದರು. ಅವರು ಚಿಕ್ಕಂದಿನಲ್ಲಿ ಅತ್ತೆಯ ಕೈಯಲ್ಲೇ ಅಕ್ಷರ ಕಲಿತವರು.

"ಟೀಚರಮ್ಮಾ, ನೀವಾದ್ರೂ ಎರಡು ಮಾತು..." ಎಂದರು.

ಹುಲಿಯನ್ನು ಕರೆದು ಕುರಿ ಕಾಯಲು ಹೇಳಿದಂತಾಯಿತು! ಅತ್ತೆ ಎಲೆಅಡಿಕೆ ಉಗಿದು ಬಂದು ಮೈಕ್ ಹಿಡಿದಳು. ತೆಲುಗಿನಲ್ಲಿ ಶುರುಮಾಡಿ ಎರಡನೆಯ ಮಾತಿಗೇ ಕನ್ನಡಕ್ಕೆ ಇಳಿದಳು. ಎರಡೂ ಭಾಷೆಯ ನಮ್ಮ ಗಡಿಯೂರಲ್ಲಿ ಅದನ್ನು ಯಾರೂ ಗಮನಿಸುವುದೂ ಇಲ್ಲ.

"ಹುಡುಗ್ರಾ, ನೀವು ಫೋಟೋ ತಕ್ಕೊಳ್ರಿ. ನಿಮ್ಮ ಕೆಲಸ ಮುಗದೈತಿ. ನನ್ನ ಮಾತು ಹಿಂದ ಕುಂತೋರ ಜೋಡಿ."

ಹಿಂದೆ ಕೂತವರು ಬೆಚ್ಚಿ ನೆಟ್ಟಗಾದರು.

"ಮಗಳ ಪರೀಕ್ಷಿ ದಿನ ಈ ಗೇಟಿನ ಹೊರಗ ಬಿಸಿಲಾಗ ನಿಂತೋರು ಕೈ ಎತ್ರಿ."

ಒಂದೊಂದಾಗಿ ಕೈಗಳು ಎದ್ದವು. ಅಪ್ಪನ ಕೈಯೂ ಎದ್ದಿತು. ಪ್ರತಿ ಪರೀಕ್ಷೆಗೂ ಅವನು ಮಂಡಿ ಬಿಟ್ಟು ಬಂದು ನಿಲ್ಲುತ್ತಿದ್ದ. ಒಳಗಿನಿಂದ ನಾನು ನಗುತ್ತ ಬಂದರೆ, ಏನೂ ಕೇಳದೆ ಸ್ಕೂಟರ್ ಸ್ಟಾರ್ಟ್ ಮಾಡುತ್ತಿದ್ದ.

"ಕೈ ಎತ್ತಿದೋರು ಎದ್ದು ನಿಂದರ್ರಿ. ಈ ಪದವಿಯೊಳಗ ನಿಮ್ಮದೂ ಪಾಲು ಐತಿ."

ಅಪ್ಪಂದಿರು ಎದ್ದರು. ನಾವೆಲ್ಲ ಹಿಂದೆ ತಿರುಗಿ ಕೈ ನೋಯುವಷ್ಟು ಚಪ್ಪಾಳೆ ತಟ್ಟಿದೆವು. ಜೀವಮಾನದಲ್ಲಿ ಯಾರೂ ಚಪ್ಪಾಳೆ ತಟ್ಟದ ಆ ಮನುಷ್ಯರು ನಾಚಿಕೊಂಡು ಅಂಗಿಯ ಗುಂಡಿ ಸರಿಮಾಡಿಕೊಂಡರು. ಅತ್ತೆ ಸದ್ದಡಗುವ ತನಕ ಕಾದಳು.

"ಇನ್ನಾ ಓದ್ತೀನಿ ಅಂತ ಮಗಳು ಅಂದ್ರ, ಇನ್ನೊಂದು ಗೇಟಿನ ಹತ್ರ ಹೋಗಿ ನಿಂದ್ರಾಕ ತಯಾರ್ ಇರೋರು ಹಂಗ ನಿಂತಿರ್ರಿ. ಆಗ್ಲಾರದಾರು ಕೂರ್ಚೋಂಡಿ, ಪರವಾಗಿಲ್ಲ."

ಕುರ್ಚಿ ಹಿಂದೆಯೇ ಇದೆ, ಕೂರುವುದು ಎಷ್ಟು ಸುಲಭ! ಆದರೆ ಅಷ್ಟು ಹೆಣ್ಣುಮಕ್ಕಳು ಕಣ್ಣು ಕೀಲಿಸಿ ನೋಡುತ್ತಿರುವಾಗ ಯಾವ ಅಪ್ಪನ ಮೊಣಕಾಲು ಬಗ್ಗುತ್ತದೆ? ಒಬ್ಬರು ಅರ್ಧ ಬಗ್ಗಿದರು, ಹೆಂಡತಿಯ ಮುಖ ನೋಡಿ ಮತ್ತೆ ನೆಟ್ಟಗಾದರು. ಅಪ್ಪ ತನ್ನಕ್ಕನನ್ನು ದುರುಗುಟ್ಟಿ ನೋಡಿದ. ಬಲೆಗೆ ಬಿದ್ದದ್ದು ಅವನಿಗೆ ಗೊತ್ತಾಗಿತ್ತು. ಆಮೇಲೆ ನನ್ನನ್ನು ನೋಡಿದ. ಅವನು ನಿಧಾನವಾಗಿ ಕೈಕಟ್ಟಿದ, ನಿಂತೇ ಇದ್ದ.

ಪಕ್ಕದಲ್ಲಿದ್ದ ಮಂಡಿಯ ಗೆಳೆಯರು ಕೇಳಿದರು: "ಏನ್ರೀ, ಕರ್ನೂಲಿಗೆ ಕಳಸ್ತೀರೇನು?"

"ನಿಂತೀನಲ್ಲ, ಕಾಣಂಗಿಲ್ಲೇನು?" ಎಂದ ಅಪ್ಪ.

ನಾನು ಎಸೆದ ಟೋಪಿ ಮೇಲಿನ ಫ್ಯಾನಿಗೆ ಬಡಿದು ಎಲ್ಲೋ ಬಿತ್ತು. ಗೆಳತಿಯರು ನನ್ನನ್ನು ಎತ್ತಿಯೇಬಿಟ್ಟರು. ಸಭೆ ಸಂತೆಯಾಯಿತು. ಬೀದಿದೀಪವಿಲ್ಲ, ಆಕಾಶವಿಲ್ಲ, 'ಕೊನೆಯದಾಗಿ' ಕೂಡ ಇಲ್ಲ; ಅತ್ತೆ ಗೆದ್ದಿದ್ದಳು!

"ಎಲ್ಲಾರೂ ಕೂರ್ಚೋಂಡಿ, ನಂದು ಮುಗೀತು" ಎಂದಳು.

ಎಲ್ಲರೂ ಕೂತರು. ಅಪ್ಪ ಕೂರಲಿಲ್ಲ.

"ಕುಂದ್ರಪಾ. ಒಪ್ಪಿದಿಯಲ್ಲ, ಮುಗೀತು" ಎಂದು ಅತ್ತೆ ಮತ್ತೆ ಹೇಳಿದಳು.

ಅಪ್ಪನದು ಮಂಡಿಯ ಗಂಟಲು, ಅದಕ್ಕೆ ಮೈಕ್ ಬೇಕಾಗಿಲ್ಲ.

"ನೀ ಮನಿ, ಸಾಲಿ ಎರಡೂ ನೋಡಿಕೊಂತ ಬಿ.ಎ. ಪಾಸಾದಿ ಅಕ್ಕಾ. ಪದವಿ ಟಪಾಲಿನಾಗ ಬಂತು. ನೀ ಅದನ್ನ ಒಯ್ದು ಪೆಟ್ಟಿಗ್ಯಾಗ ಇಟ್ಟಿ, ರೊಟ್ಟಿ ಬಡ್ಯಾಕ ಕುಂತಿ. ಮನ್ಯಾಗ ಯಾರೂ ಒಂದು ಮಾತು ಆಡ್ಲಿಲ್ಲ, ನಾನೂ ಆಡ್ಲಿಲ್ಲ. ಈಗ ಸ್ವಲ್ಪ ಹೊತ್ತು ನಿಂದರ್ತೀನಿ, ಬಿಡು."

ಅತ್ತೆ ಮೈಕ್ ಮೇಜಿನ ಮೇಲಿಟ್ಟು ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾನು ಗೌನು ಎತ್ತಿ ಹಿಡಿದು ಹಿಂದಿನ ಸಾಲಿಗೆ ಓಡಿದೆ, ಅಪ್ಪನ ಪಕ್ಕದಲ್ಲಿ ನಿಂತೆ, ಮತ್ತು ಇಬ್ಬರೂ ಸೇರಿ ಅವಳಿಗೆ ಚಪ್ಪಾಳೆ ತಟ್ಟಿದೆವು.