ದೇಸಾಯರ ಪಟದ ಎಡಗೈ

ಯಾವುದನ್ನೂ ಸುಲಭಕ್ಕೆ ನಂಬದ ರೋಗ ನನಗೆ ಧಾರವಾಡದಲ್ಲಿ ಇತಿಹಾಸ ಓದುವಾಗ ಹತ್ತಿತು. ನನ್ನ ಲಗ್ನಪತ್ರಿಕೆಯನ್ನೇ ಎರಡು ಸಲ ಓದಿ, ಹೆಣ್ಣಿನ ಹೆಸರು ಸರಿಯಿದೆಯೆಂದು ಖಾತ್ರಿ ಮಾಡಿಕೊಂಡವನು ನಾನು. ಪರೀಕ್ಷಿಸದೆ ಬಿಟ್ಟಿದ್ದು ನನ್ನ ನೆನಪೊಂದನ್ನೇ.

ರಾಜೂರಿನ ದೇಸಾಯರ ವಾಡೆಯ ಹಿರಿಯರ ಪಟಗಳು ಹೋದ ವರ್ಷ ಪುಣೆಯಿಂದ ಊರಿಗೆ ಮರಳಿದವು. ಆಳೆತ್ತರದ ಮೂರು ಬಣ್ಣದ ಚಿತ್ರಗಳು. ಮನೆ ಪಾಲಾದಾಗ ದೇಸಾಯರ ಒಬ್ಬ ಚಿಕ್ಕಪ್ಪ ಒಯ್ದಿದ್ದರು. ಅವರ ಮೊಮ್ಮಕ್ಕಳ ಫ್ಲ್ಯಾಟಿನಲ್ಲಿ ಗೋಡೆ ಸಾಲಲಿಲ್ಲವಂತೆ. ಕೌದಿ ಸುತ್ತಿಕೊಂಡು ಟೆಂಪೋದಲ್ಲಿ ಬಂದ ಹಿರಿಯರನ್ನು ಇಳಿಸಿಕೊಂಡದ್ದಾಯಿತು, ಆದರೆ ಯಾರು ಯಾರೆಂದು ಯಾರಿಗೂ ಗೊತ್ತಿಲ್ಲ. ಈಗಿನ ದೇಸಾಯರು ನನ್ನನ್ನು ಕರೆಸಿದರು. ಹುಡುಗನಿದ್ದಾಗ ಅವನ್ನು ಪಡಸಾಲೆಯಲ್ಲಿ ಕಂಡಿದ್ದೇನೆಂದು ಕಾಲೇಜಿನಲ್ಲಿ ನಾನು ಎಷ್ಟು ಸಲ ಹೇಳಿಲ್ಲ! ನಡುವಿನ ಪಟದ ಮೀಸೆಯವರನ್ನು ತೋರಿಸಿ, ಇವರೇ ನಿಮ್ಮ ಮುತ್ತಜ್ಜ ಎಂದೆ. ಹೆಸರಿನ ಚೀಟಿ ಅಂಟಿಸಿದೆವು. ಮರುದಿನ ಹಿರಿಯರ ಹಬ್ಬ. ಒಬ್ಬೊಬ್ಬರ ಮುಂದೆ ಒಂದೊಂದು ಎಡೆ ಇಡಬೇಕು.

ಆಗ ಬಂದವಳು ಯಲ್ಲವ್ವ. ಎಂಬತ್ತು ದಾಟಿದ ಮುದುಕಿ, ವಾಡೆಯ ಹೊಲದಲ್ಲಿ ಕೂಲಿ ಮಾಡಿಯೇ ಬೆನ್ನು ಬಾಗಿದವಳು. ಆ ನಡುವಿನ ಪಟದ ಮುಂದೆ ಬಹಳ ಹೊತ್ತು ನಿಂತು ದೇಸಾಯರಿಗೆ ಹೇಳಿದಳು:

"ಮಾರಿ ನಿಮ್ಮ ಮುತ್ತ್ಯಾರದು, ಖರೇರಿ. ಕೈ ಮಾತ್ರ ನಮ್ಮಜ್ಜ ಭರಮಪ್ಪಂದು."

ಆಕೆ ಹೇಳಿದ ಪ್ರಕಾರ, ಆ ಮುತ್ತಜ್ಜ ದೊಡ್ಡ ದೇಸಾಯರು ಎಲೆಯಡಿಕೆ ಅಗಿದು ಮುಗಿಯುವಷ್ಟು ಹೊತ್ತೂ ಒಂದೆಡೆ ಕೂರುತ್ತಿರಲಿಲ್ಲವಂತೆ. ಚಿತ್ರಕಾರ ಅವರ ಮುಖವನ್ನಷ್ಟೇ ಹೇಗೋ ಬರೆದುಕೊಂಡ. ಉಳಿದದ್ದಕ್ಕೆ ಆಳುಮಗ ಭರಮಪ್ಪನಿಗೆ ಅವರ ಕೋಟು ತೊಡಿಸಿ ಎಂಟು ದಿನ ಕೂರಿಸಿದರು. ಅವನದು ಬೇರೆ ಚಿತ್ರವಿಲ್ಲ. ಮೊಮ್ಮಗಳ ಬೇಡಿಕೆ ಒಂದೇ: ಈ ಪಟದ ಮುಂದೆ ಅಜ್ಜನಿಗೂ ಒಂದು ಎಡೆ.

ದೇಸಾಯರು ನನ್ನತ್ತ ತಿರುಗಿ, ಓದಿದವರು ನೀವೇ ಹೇಳಿರಿ ಎಂದರು. ನಾನು ಆಧಾರ ಕೇಳಿದೆ. ಆಕೆ ಪಟದ ಎಡಗೈ ತೋರಿಸಿದಳು. ತೋರುಬೆರಳ ಮೇಲೆ ಓರೆಯಾಗಿ ಒಂದು ಗಾಯದ ಗುರುತು, ಕುಡುಗೋಲು ಜಾರಿದ್ದು. "ದೇಸಾಯರು ಯಾವಾಗ ಜ್ವಾಳಾ ಕೊಯ್ದಿದ್ದರು, ತಮ್ಮಾ?"

ಸೋಲೊಪ್ಪದೆ, ನಾನು ಸಣ್ಣವನಿದ್ದಾಗ ಈ ಗುರುತು ಕಂಡಿರಲಿಲ್ಲ ಎಂದೆ.

"ನೀ ಎಲ್ಲಿಂದ ಕಾಣಬೇಕೋ? ಇವು ಪುಣೇಕ ಹ್ವಾದಾಗ ನಿಮ್ಮವ್ವನ ಲಗ್ನನ ಆಗಿರಲಿಲ್ಲ."

ದೇಸಾಯರು ನಗಲಿಲ್ಲ, ಅದು ಅವರ ದೊಡ್ಡತನ. ಗಾಯದ ಮೇಲೆ ಬೆರಳಾಡಿಸಿ ನೋಡಿ, "ನಾಳೆ ಲಗೂನ ಬಾ ಯಲ್ಲವ್ವ, ಎಡಿ ತೊಗೊಂಡು," ಎಂದರು.

ಹಬ್ಬದಂದು ಒಂದೇ ಪಟದ ಮುಂದೆ ಎರಡು ಎಡೆ ಇಟ್ಟರು: ವಾಡೆಯ ಹೋಳಿಗೆ, ಯಲ್ಲವ್ವನ ಸಜ್ಜೆ ರೊಟ್ಟಿ ಮತ್ತು ಪುಂಡಿಪಲ್ಯ. ಚೀಟಿಯಲ್ಲಿ ಎರಡನೆಯ ಹೆಸರನ್ನು ನಾನೇ ಸೇರಿಸಿದೆ. ಆಮೇಲೆ ಹೋಳಿಗೆ ಬಿಟ್ಟು ಆಕೆಯ ರೊಟ್ಟಿಯನ್ನೇ ಕೇಳಿ ಪ್ರಸಾದವೆಂದು ತಿಂದೆ ಎಂದು ನನ್ನ ಸ್ಪಷ್ಟ ನೆನಪು. ಜೊತೆಗಿದ್ದ ಹೆಂಡತಿ ಮಾತ್ರ, ನಾಲ್ಕು ಹೋಳಿಗೆ, ಮೇಲೆ ತುಪ್ಪ ಎನ್ನುತ್ತಾಳೆ. ಆಧಾರ ಕೇಳುವ ಧೈರ್ಯ ನನಗಿಲ್ಲ.