ಕುಟ್ಟು ಹಿಟ್ಟಿನ ಮೇಲಿನ ಹೆಜ್ಜೆ

ಮಾನ್ವಿಯ ನಮ್ಮ ಕಚೇರಿಯಲ್ಲಿ ಸಾಹೇಬರಿಗೆ ಫೈಲು ಕೊಡಲು ಬಾಗಿದೆ ನೋಡಿ, ನನ್ನ ಪ್ಯಾಂಟಿನ ಗುಂಡಿ ಕಿತ್ತು ಹಾರಿ ಅವರ ಚಹಾ ಕಪ್ಪಿಗೆ ಬಿತ್ತು. ಟಪಕ್! ಸಾಹೇಬರು ಚಮಚದಿಂದ ಅದನ್ನೆತ್ತಿ ಫೈಲಿನ ಮೇಲಿಟ್ಟು, "ಇದನ್ನೂ ಲಗತ್ತಿಸ್ರಿ" ಎಂದರು.

ಅಂದೇ ನನ್ನ ಭೀಷಣ ಪ್ರತಿಜ್ಞೆ: ಅನ್ನ ಬಂದ್! ಗೋಧಿ ಬಂದ್! ಜೋಳವೂ ಬಂದ್!

"ಕುಟ್ಟು ಹಿಟ್ಟು ತಿನ್ರಿ ಹುಲಿಗೇಶಪ್ಪ, ಉತ್ತರದ ಮಂದಿ ಉಪವಾಸದಾಗ ಅದನ್ನೇ ತಿಂತಾರ" ಎಂದು ಸಹೋದ್ಯೋಗಿ ಗುಲಾಮ್ ರಸೂಲ್ ದಾರಿ ತೋರಿಸಿದರು. ಸಂಜೆ ಮನೆಗೆ ಮರಳುವ ಬಸ್ಸು ರಾಯಚೂರು ಮುಟ್ಟುವಷ್ಟರಲ್ಲಿ ನಾನು ಮೊಬೈಲ್ ಓದಿ ಮಹಾಪಂಡಿತನಾಗಿದ್ದೆ. ಅದು ಧಾನ್ಯವೇ ಅಲ್ಲವಂತೆ, ಬಕ್‌ವೀಟ್ ಎಂಬ ಗಿಡದ ಬೀಜ. ಅದಕ್ಕೇ ಉಪವಾಸಕ್ಕೆ ನಡೆಯುತ್ತದೆ. ನಾರು ಉಂಟು, ಪ್ರೋಟೀನು ಉಂಟು, ಮೆಗ್ನೀಸಿಯಂ ಉಂಟು! ಮಾರ್ವಾಡಿ ಅಂಗಡಿಯಿಂದ ಎರಡು ಕಿಲೋ ಹೊತ್ತು ತಂದೆ.

ಹೆಂಡತಿ ಉಮಾದೇವಿ ಚೀಲದೊಳಗೆ ಇಣುಕಿದಳು. "ಇದೇನ್ರೀ, ಸುಡಗಾಡಿನಿಂದ ಬೂದಿ ತಂದೀರಿ?"

ನಿಜ. ಬಣ್ಣ ಹಾಗೇ ಇತ್ತು.

"ನಾ ಮುಟ್ಟಂಗಿಲ್ಲ. ನೀವೇ ಬಡೀರಿ, ನೀವೇ ತಿನ್ರಿ. ನಾಳಿ ನಾ ದೇವದುರ್ಗಕ್ಕ ಹೊಂಟೀನಿ. ಅವ್ವ ಒಂದಾದ್ರೂ ರೊಟ್ಟಿ ತಿನ್ನಂಗ ನೋಡ್ಕೋರಿ."

ಅವ್ವ ಅಂದರೆ ನಮ್ಮ ಅತ್ತೆ ಗೋಪಮ್ಮ. ಮಾವ ತಾಯಣ್ಣ ತೀರಿಕೊಂಡು ನಾಲ್ಕು ತಿಂಗಳು, ಅಂದಿನಿಂದ ನಮ್ಮ ಮನೆಯಲ್ಲೇ ಇದ್ದರು. ಅವರ ಮನೆಯಲ್ಲಿ, ಸತ್ತವರು ಕೊನೆಗೆ ಮಲಗಿದ್ದಲ್ಲಿ ಹಿಟ್ಟು ಹರಡಿ, ಬುಟ್ಟಿ ಮುಚ್ಚಿ, ಮರುದಿನ ತೆರೆದು ಹೆಜ್ಜೆ ಹುಡುಕುವ ರೂಢಿ. ಹೆಜ್ಜೆ ಮೂಡಿದರೆ ಹೋದವರು ಮನೆಗೊಮ್ಮೆ ಬಂದು ಹೋದರೆಂದು ಸಮಾಧಾನ. ಮಾವನದು ಮೂಡಲಿಲ್ಲ. "ಸಿಟ್ಟಾಗಿ ಹೋದ್ರು" ಎಂದವರೇ ಅತ್ತೆ ಊಟ ಬಿಟ್ಟರು. ಕಾಲು ರೊಟ್ಟಿ ತಿಂದರೆ ಹಬ್ಬ. ಹೀಗೇ ಆದರೆ ಹಾಸಿಗೆ ಹಿಡಿಯುತ್ತಾರೆ ಎಂದು ಡಾಕ್ಟರು ಎಚ್ಚರಿಸಿದ್ದರು.

ಮರುದಿನ ಭಾನುವಾರ, ಮಧ್ಯಾಹ್ನ. ಕರೆಂಟು ಹೋಗಿತ್ತು. ಬಿಸಿಲಿಗೆ ಕಿಟಕಿ ಮುಚ್ಚಿದ ಅಡುಗೆಮನೆ ಗವಿಯಂತಿತ್ತು. ಓಣಿಯಲ್ಲಿ ಒಂದು ನಾಯಿಯೂ ಬೊಗಳದು. ನಾನು ಹಿಟ್ಟು ಕಲಸಿ ಬಡಿದೆ. ರೊಟ್ಟಿ ನಾಲ್ಕು ದಿಕ್ಕಿಗೂ ಸೀಳಿತು. ಮತ್ತೆ ಬಡಿದೆ, ಮತ್ತೆ ಸೀಳಿತು! ಕೋಪದಲ್ಲಿ ಮೊಣಕೈ ತಗುಲಿ ಚೀಲ ಉರುಳಿತು. ಬೂದುಬಣ್ಣದ ಹೊಗೆ ಎದ್ದು, ಮೆಲ್ಲಗೆ ನೆಲದ ತುಂಬ ಕೂತಿತು.

ಪೊರಕೆ ತರಲು ಓಡಿದೆ. ಮರಳಿ ಬಂದು ನೋಡಿದರೆ, ಹಿಟ್ಟಿನಲ್ಲಿ ಒಂದು ಹೆಜ್ಜೆ!

ಒಂದೇ. ಎಡಗಾಲಿನದು. ಐದು ಬೆರಳೂ ಸ್ಪಷ್ಟ.

ನನ್ನ ಬೆವರು ತಣ್ಣಗಾಯಿತು. ಗಾಳಿಯೇ ಇಲ್ಲ, ಆದರೂ ಖಾಲಿ ಚೀಲ ಸರಸರ ಎಂದಿತು. ತಿರುಗಿದರೆ ಬಾಗಿಲಲ್ಲಿ ಅತ್ತೆ.

"ಬಂದ್ರೇನ್ರೀ?" ಎಂದರು. ನನಗಲ್ಲ.

ಒಂದು ತಂಬಿಗೆ ನೀರು ತಂದಿಟ್ಟು ನೆಲಕ್ಕೆ ಕೂತರು. "ಇಷ್ಟು ದಿನ ಎಲ್ಲಿದ್ರಿ? ಮಗಳ ಮನಿ ದಾರಿ ಸಿಗಲಿಲ್ಲೇನು?" ನಡುನಡುವೆ ನಿಲ್ಲಿಸುತ್ತಿದ್ದರು, ಉತ್ತರ ಕೇಳಿಸಿಕೊಂಡವರಂತೆ. ಒಮ್ಮೆ ನಕ್ಕರು ಕೂಡ!

ಆಗ ನನ್ನ ಕಣ್ಣು ನನ್ನದೇ ಎಡಗಾಲಿನ ಮೇಲೆ ಬಿತ್ತು. ಬೆರಳ ಸಂದಿಯೆಲ್ಲ ಬೂದುಬಣ್ಣದ ಹಿಟ್ಟು! ನನ್ನ ಹೆಜ್ಜೆಗೇ ನಾನು ನಡುಗಿದ ವೀರ! ಹೇಳಲು ಬಾಯಿ ತೆರೆದೆ. ನಾಲ್ಕು ತಿಂಗಳ ಮೇಲೆ ನಗುತ್ತಿದ್ದ ಆ ಮುಖ ನೋಡಿ ಮುಚ್ಚಿದೆ.

"ಸರೀರಿ ಅಳಿಯಂದ್ರ, ಕಲಸಿಟ್ಟ ಹಿಟ್ಟು ನಾ ಬಡೀತೀನಿ. ಇದಕ್ಕ ಅಂಟಿಲ್ಲ, ಕುದಿಸಿದ ಆಲೂಗಡ್ಡಿ ಕೂಡಿಸ್ಬೇಕು. ಇಷ್ಟು ಓದಿದವರಿಗೆ ಅಷ್ಟು ತಿಳಿಯಂಗಿಲ್ಲೇನು?"

ಕರಿ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ. ಅತ್ತೆ ಎರಡು ತಿಂದರು, ಎರಡು! ನಾನು ನನ್ನ ತಟ್ಟೆ ಪಕ್ಕಕ್ಕೆ ಸರಿಸಿದೆ. ಅವರು ಕೈ ತೊಳೆಯಲು ಹೋದಾಗ, ಆ ಹೆಜ್ಜೆ ನೋಡಲಾಗದೆ ಕಣ್ಣು ಮುಚ್ಚಿಕೊಂಡೇ ನೆಲವನ್ನೆಲ್ಲ ಗುಡಿಸಿ ಹಾಕಿದೆ.

ಸಂಜೆಯವರೆಗೂ ಅತ್ತೆಯ ಕಣ್ಣು ತಪ್ಪಿಸಿ ಓಡಾಡಿದೆ. ಕೊನೆಗೆ ತಡೆಯಲಾಗಲಿಲ್ಲ.

"ಅತ್ತಿ, ತಪ್ಪಾತು. ಆ ಹೆಜ್ಜಿ ನಂದು."

"ಒಲಿ ಕಟ್ಟಿ ಮುಂದಿಂದಲ್ಲ? ನಿಮ್ದೇ. ನೋಡಿದ ಕೂಡ್ಲೆ ಗೊತ್ತಾತು."

ಎದೆಯಿಂದ ಬಂಡೆ ಇಳಿಯಿತು. ಮರುಕ್ಷಣವೇ ಒಂದು ಅನುಮಾನ ಹತ್ತಿತು.

"ಮತ್ತ... ನೀವು ಮಾತಾಡಿಸಿದ್ದು ಯಾರನ್ನ?"

ಅತ್ತೆ ಅಡಿಕೆ ಕತ್ತರಿಸುತ್ತಲೇ ಹೇಳಿದರು:

"ಮೂಲ್ಯಾಗ ಬ್ಯಾರೆ ಒಂದು ಜೋಡಿ ಹೆಜ್ಜಿ ಇತ್ತಲ್ರೀ, ಅವರನ್ನ."