ರೊಟ್ಟಿ ತಿನ್ನುವವರೆಗೆ ನಾನು ಬೆಟ್ಟದಲ್ಲೇ ಇದ್ದೇನೆಂದು ಪರಿಗಣಿಸುವ ಬಗ್ಗೆ

ಇಂದ:
ಎಲ್ಮುರೋದ್ ತುರ್ದಿಯೇವ್, ಹಕ್ಕಿ ಗಣತಿದಾರ,
ತೋಶ್‌ಬುಲೋಕ್ ಹಳ್ಳಿ, ನುರೋತಾ ಬೆಟ್ಟಸಾಲು, ಉಜ್ಬೇಕಿಸ್ತಾನ

ಗೆ:
ಮುಖ್ಯಸ್ಥರು, ಮರುಭೂಮಿ ಬೆಟ್ಟಗಳ ಹಕ್ಕಿ ಗಣತಿ ವಿಭಾಗ

ವಿಷಯ: ಹಾಜರಿ ಪುಸ್ತಕದಲ್ಲಿರುವ ನನ್ನ ರುಜು ಹೊಡೆದುಹಾಕುವ ಕುರಿತು.

ಉಲ್ಲೇಖ: ಸೋಮವಾರವೇ ತಾಮ್ದಿ ಬೆಟ್ಟಕ್ಕೆ ಹೊರಡಬೇಕೆಂಬ ತಮ್ಮ ಆದೇಶ, ತಾವು ಕಳಿಸಿದ ರೊಟ್ಟಿ.

ಮಾನ್ಯರೇ,

ಜಗಲಿಯಲ್ಲಿ ತೂಗುತ್ತಿದ್ದ ನನ್ನ ರೊಟ್ಟಿಯ ಅಂಚಿಗೆ ಕೈ ಹಾಕಿದೆ. ಅದರ ಹಿಂದಿನಿಂದ ಯಾರೋ ನನ್ನ ಹೆಬ್ಬೆರಳು ಕುಕ್ಕಿದರು.

1. ಏಪ್ರಿಲ್ ಎರಡರಂದು ಗಣತಿಗೆ ಹೊರಟಾಗ, ನಾನು ಮದುವೆಯಾಗಲಿರುವ ಹುಲ್ಕರಳ ಮನೆಯಲ್ಲಿ ವಾಡಿಕೆಯಂತೆ ಒಂದು ರೊಟ್ಟಿ ಕಚ್ಚಿದೆ. ಉಳಿದದ್ದನ್ನು ಅವಳ ಅಜ್ಜಿ ಓಯ್‌ಸುಲುವ್ ಮೋಮೋ ಜಗಲಿಯ ಮೊಳೆಗೆ ತೂಗುಹಾಕಿದರು. ಹೋದವನು ತಾನೇ ಬಂದು ಅದನ್ನು ತಿಂದರೆ ಮಾತ್ರ ಬಂದಂತೆ. ತಿಂದ ಮರುದಿನ ಮದುವೆ ಎಂದು ಮಾತಾಗಿತ್ತು.

2. ಮೂವತ್ತನಾಲ್ಕು ದಿನ ಬಂಡೆಬಿರುಕುಗಳಲ್ಲಿ ಮೂಗು ತೂರಿಸಿದರೂ ಕರಿಬೆನ್ನಿನ ಕಲ್ಲುಹಕ್ಕಿಯ ಒಂದು ಗೂಡೂ ಸಿಗಲಿಲ್ಲ. ಸಿಕ್ಕಿದ್ದು ಹಾವು, ಎರಡು ಸಲ. ಹಿಂತಿರುಗಿದರೆ ಗೂಡು ನನ್ನ ರೊಟ್ಟಿಯ ಹಿಂದೆ, ಗೋಡೆಯ ತೂತಿನಲ್ಲಿತ್ತು. ತಿಳಿನೀಲಿ ಮೊಟ್ಟೆ ಐದು. ಹೀಗಾಗಿ ಈ ವರ್ಷದ ನಮ್ಮ ವರದಿಯಲ್ಲಿ ಆ ಹಕ್ಕಿಯ ಏಕೈಕ ಗೂಡು ಇದೇ.

3. ಮೊಟ್ಟೆಯಿರುವ ಗೂಡಿನ ಮರೆಯನ್ನು ಕದಲಿಸಬಾರದೆಂಬುದು ಗಣತಿಯ ಒಂಬತ್ತನೇ ನಿಯಮ. ಅದನ್ನು ಬರೆದ ಮೂರ್ಖ ನಾನೇ. ರೊಟ್ಟಿ ತೆಗೆದರೆ ಮೊಟ್ಟೆ ಬೆಕ್ಕಿನ ಪಾಲು. ಆದ್ದರಿಂದ ತೆಗೆದಿಲ್ಲ, ಆದ್ದರಿಂದ ತಿಂದಿಲ್ಲ, ಆದ್ದರಿಂದ ನಾನಿನ್ನೂ ಬಂದಿಲ್ಲ.

4. ಮೋಮೋ ನನಗೆ ಅಪರಿಚಿತರಿಗೆ ಕೊಡುವಂತೆ ಚಹಾ ಕೊಟ್ಟು, ಬೆಟ್ಟದ ಕಡೆ ಎಲ್ಮುರೋದ್ ಎಂಬವನು ಸಿಕ್ಕರೆ ಬೇಗ ಬರಹೇಳಬೇಕೆಂದು ಕೇಳಿಕೊಂಡರು. ನಾನೇ ಅವನು ಎಂದೆ.

"ರೊಟ್ಟಿ ಬೇರೇನೋ ಹೇಳ್ತಿದೆಯಲ್ಲಪ್ಪಾ," ಎಂದರು.

5. ಆದರೆ ಹಾಜರಿ ಪುಸ್ತಕದಲ್ಲಿ ನಾನು ರುಜು ಹಾಕಿರುವ ಕಾರಣ ಬಂದಿದ್ದೇನೆಂದೂ, ಬಂದಿರುವ ಕಾರಣ ಮತ್ತೆ ಹೋಗಬೇಕೆಂದೂ ಕಚೇರಿಯ ವಾದ. ತಾಮ್ದಿಗೆ ಹೋದವನು ಮರಳುವುದು ಸೆಪ್ಟೆಂಬರಿಗೆ. ಈಗಾಗಲೇ ಪಟ್ಟಣದ ಒಬ್ಬ ದಂತವೈದ್ಯನ ಕಡೆಯವರು ಹುಲ್ಕರಳನ್ನು ಕೇಳಿಕೊಂಡು ಎರಡು ಸಲ ಬಂದಿದ್ದಾರೆ. ಎರಡನೇ ಸಲ ಮೋಮೋ ಅವರಿಗೆ ಪಲಾವ್ ಬಡಿಸಿದರು. ನನಗೆ ಬರೀ ಚಹಾ.

6. ತಾವು ದಯೆಯಿಂದ ಡ್ರೈವರ್ ನೋರ್ಮತ್ ಅಕಾ ಅವರ ಕೈಯಲ್ಲಿ ಮೊಳೆಯಲ್ಲಿರುವುದರ ಬದಲು ತಿನ್ನಲೆಂದು ಇನ್ನೊಂದು ರೊಟ್ಟಿ ಕಳಿಸಿದ್ದೀರಿ. ಕಚ್ಚಿದ ಗುರುತಿಲ್ಲದಿದ್ದರೆ ಯಾರೂ ನಂಬುವುದಿಲ್ಲವೆಂದು ಅವರು ದಾರಿಯಲ್ಲಿ ತಾವೇ ಕಚ್ಚಿದ್ದಾರೆ. ಅವರ ಮುಂದಿನ ಎರಡು ಹಲ್ಲುಗಳ ಗೈರುಹಾಜರಿ ತಮಗೆ ತಿಳಿದದ್ದೇ.

ಆದ್ದರಿಂದ ನನ್ನ ರುಜುವನ್ನು ಹೊಡೆದುಹಾಕಿ, ಕೊನೆಯ ಮರಿ ಹಾರುವವರೆಗೆ, ಅಂದಾಜು ಇಪ್ಪತ್ತಾರು ದಿನ, ನಾನು ಬೆಟ್ಟದಲ್ಲೇ ಇರುವುದಾಗಿ ದಾಖಲಿಸಿ, ತಾಮ್ದಿಗೆ ಹಲ್ಲಿರುವ ಯಾರನ್ನಾದರೂ ಕಳಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಎಲ್ಮುರೋದ್ ತುರ್ದಿಯೇವ್
(ಊರಲ್ಲಿಲ್ಲ)

ಲಗತ್ತುಗಳು:

1. ಗೂಡಿನ ಫೋಟೋ. ರೊಟ್ಟಿಯೇ ಹೆಚ್ಚು ಕಾಣುತ್ತದೆ.

2. ಹೆಬ್ಬೆರಳಿನ ಫೋಟೋ.

3. ತಾವು ಕಳಿಸಿದ ರೊಟ್ಟಿ, ವಾಪಸ್. ಹುಲ್ಕರ್ ಅದನ್ನು ಬೆಳಕಿಗೆ ಹಿಡಿದು, ಕಚ್ಚಿದ ಜಾಗವನ್ನು ತಿರುಗಿಸಿ ತಿರುಗಿಸಿ ನೋಡಿ, ನೋರ್ಮತ್ ಅಕಾ ಅವರ ಕೈಗೇ ಕೊಟ್ಟಳು.

"ಈ ಹಲ್ಲಿನವರನ್ನ ನಾನು ಮದುವೆ ಆಗಲ್ಲ."